ಆರ್‌ಎಕ್ಸ್ 6600ಆ, ಆರ್‌ಟಿಎಕ್ಸ್ 3050ಆ? ಅದಲುಬದಲು ಮಾಡಿ ನೋಡಿದ್ದು

ಕಡಿಮೆ ದುಡ್ಡಲ್ಲಿ ಗೇಮಿಂಗ್ ಪಿಸಿ ಕಟ್ಟಬೇಕು ಅಂದರೆ ಎಲ್ಲರೂ ಕೊಡುವ ಸಲಹೆ ಒಂದೇ: "ಅರ್ಧ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ ಹಾಕು, ಉಳಿದದ್ದು ಹೇಗೋ ಆಗತ್ತೆ." ನನಗೊಂದು, ಅಕ್ಕನ ಮಗನಿಗೊಂದು ಅಂತ ಎರಡು ಪಿಸಿಗೆ ಒಟ್ಟಿಗೇ ಸಾಮಾನು ತಂದಾಗ, ಎರಡು ಕಾರ್ಡು, ಎರಡು ಪ್ರೊಸೆಸರ್ ಮನೆಯಲ್ಲಿದ್ದವು. ಸುಮ್ಮನಿರಲಾಗದೆ ಎಲ್ಲ ಜೋಡಿಯನ್ನೂ ಕೂಡಿಸಿ ಆಡಿ ನೋಡಿದೆವು. ಆ ಸಲಹೆ ಅರ್ಧ ಮಾತ್ರ ಸರಿ. ಯಾವ ಆಟ ಆಡ್ತೀರಿ ಅಂತ ಕೇಳದೆ ಕಾರ್ಡ್ ಹೆಸರು ಹೇಳುವವರನ್ನು ನಾನಂತೂ ನಂಬುವುದಿಲ್ಲ.

ಕಾರ್ಡುಗಳು: ಎಎಂಡಿಯ ಆರ್‌ಎಕ್ಸ್ 6600 ಮತ್ತು ಎನ್ವಿಡಿಯಾದ ಆರ್‌ಟಿಎಕ್ಸ್ 3050. ಮೊದಲನೆಯದು ಬಂದದ್ದು 2021ರ ಅಕ್ಟೋಬರಿನಲ್ಲಿ, ಎರಡನೆಯದು 2022ರ ಜನವರಿಯಲ್ಲಿ. ಎರಡರಲ್ಲೂ 8 ಜಿಬಿ ಮೆಮೊರಿ, ಎರಡೂ ಎಳೆಯುವುದು ಸುಮಾರು 130 ವಾಟ್. ಕಾಗದದ ಮೇಲೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಆಟದಲ್ಲಿ ಅಲ್ಲ. ಸೈಬರ್‌ಪಂಕ್ 2077ನ್ನು 1080ಪಿಯಲ್ಲಿ (ಫುಲ್ ಎಚ್‌ಡಿ ಚಿತ್ರದಲ್ಲಿ) ಹೈ ಸೆಟ್ಟಿಂಗ್ ಇಟ್ಟು ಓಡಿಸಿದರೆ 3050 ಸೆಕೆಂಡಿಗೆ 40 ಫ್ರೇಮಿನ, ಅಂದರೆ 40 ಚಿತ್ರದ, ಆಸುಪಾಸಿನಲ್ಲಿ ಏದುಸಿರು ಬಿಡುತ್ತಿತ್ತು. ಅದೇ ಜಾಗದಲ್ಲಿ 6600 ಐವತ್ತು ದಾಟಿ ಆರಾಮಾಗಿ ಓಡಿತು. ಕಥೆಯಿರುವ ದೊಡ್ಡ ಆಟಗಳಲ್ಲೆಲ್ಲ ಹೆಚ್ಚುಕಡಿಮೆ ಇದೇ ಅಂತರ. ನಾನು ವಿಚಾರಿಸಿದ ಅಂಗಡಿಗಳಲ್ಲಿ 3050ಗೆ ಹೇಳಿದ ಬೆಲೆಯೇನೂ ಕಡಿಮೆಯಿರಲಿಲ್ಲ. ಎನ್ವಿಡಿಯಾದ ಹಸಿರು ಡಬ್ಬದ ಹೆಸರಿಗೂ ಒಂದಿಷ್ಟು ದುಡ್ಡು ಕೊಡಬೇಕು.

ಹಾಗಂತ 3050 ದಂಡ ಅನ್ನಲಾರೆ. ಚಿಕ್ಕ ಚಿತ್ರವನ್ನು ಹಿಗ್ಗಿಸಿ ತೋರಿಸುವ ಎನ್ವಿಡಿಯಾದ ಡಿಎಲ್‌ಎಸ್‌ಎಸ್ 1080ಪಿಯಲ್ಲಿ ಎಎಂಡಿಯ ಎಫ್‌ಎಸ್‌ಆರ್‌ಗಿಂತ ಚೊಕ್ಕ. 6600ರಲ್ಲಿ ಎಫ್‌ಎಸ್‌ಆರ್ ಹಾಕಿದರೆ ದೂರದ ತಂತಿ, ಬೇಲಿ, ಕೂದಲೆಲ್ಲ ಮಿಣಮಿಣ ಅನ್ನುತ್ತವೆ. ಆಡುತ್ತಲೇ ರೆಕಾರ್ಡ್ ಮಾಡುವುದಿದ್ದರೆ ಎನ್ವಿಡಿಯಾದ ಎನ್‌ಕೋಡರ್ (ವಿಡಿಯೊವನ್ನು ಅಡಕ ಮಾಡುವ ಭಾಗ) ಒಂದು ಕೈ ಮೇಲು, ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರಿನಲ್ಲಿ ಚಿತ್ರ ರೆಂಡರ್ ಮಾಡುವವರಿಗಂತೂ ಬೇರೆ ಮಾತೇ ಬೇಡ. ಬೆಳಕು ನೆರಳನ್ನು ನಿಜದ ಹಾಗೆ ತೋರಿಸುವ ರೇ ಟ್ರೇಸಿಂಗ್ ಆಸೆಯನ್ನು ಮಾತ್ರ ಎರಡರಲ್ಲೂ ಬಿಟ್ಟುಬಿಡಿ.

ಇಲ್ಲೊಂದು ಬಲೆ ಇದೆ. 2024ರ ಫೆಬ್ರವರಿಯಲ್ಲಿ ಅದೇ 3050 ಹೆಸರಲ್ಲಿ 6 ಜಿಬಿಯ ಕಾರ್ಡ್ ಬಂತು. ಕಮ್ಮಿಯಾದದ್ದು ಮೆಮೊರಿ ಒಂದೇ ಅಲ್ಲ. ಲೆಕ್ಕ ಮಾಡುವ ಕ್ಯೂಡಾ ಕೋರ್ 2560ರಿಂದ 2304ಕ್ಕೆ ಇಳಿದಿದೆ, ಮೆಮೊರಿಯ ದಾರಿ 128 ಬಿಟ್‌ನಿಂದ 96ಕ್ಕೆ. ಅಂಗಡಿಯವರು "3050 ಇದೆ ಸಾರ್" ಅಂದರೆ ಎಷ್ಟು ಜಿಬಿಯದು ಅಂತ ಕೇಳಿ, ಡಬ್ಬ ತಿರುಗಿಸಿ ನೋಡಿ. 70 ವಾಟಿನಲ್ಲಿ ಓಡುವ ಆ ಕಾರ್ಡಿಗೆ ಸಾಮಾನ್ಯವಾಗಿ ಬೇರೆ ಪವರ್ ವೈರ್ ಬೇಡ, ಆದ್ದರಿಂದ ಹಳೇ ಆಫೀಸ್ ಪಿಸಿಗೆ ಜೀವ ತುಂಬಲು ಚೆನ್ನ. ಹೊಸ ಪಿಸಿಗೆ ಅಲ್ಲ.

ಇನ್ನು ಪ್ರೊಸೆಸರ್. ಇಂಟೆಲ್‌ನ ಐ3-12100ಎಫ್‌ನಲ್ಲಿ 4 ಕೋರ್, 8 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). ಎಎಂಡಿಯ ರೈಜನ್ 5 5600ರಲ್ಲಿ 6 ಕೋರ್, 12 ಥ್ರೆಡ್, ಜೊತೆಗೆ 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ). ಐ3ಯಲ್ಲಿ ಅದು 12 ಎಂಬಿ. ಸೈಬರ್‌ಪಂಕ್‌ನಲ್ಲಿ ಪ್ರೊಸೆಸರ್ ಬದಲಿಸಿದ್ದು ಸರಾಸರಿಯಲ್ಲಿ ಗೊತ್ತೇ ಆಗಲಿಲ್ಲ, ಯಾಕೆಂದರೆ ಅಲ್ಲಿ ದಣಿಯುವುದು ಕಾರ್ಡು. ಜನ ಕಿಕ್ಕಿರಿದ ಮಾರುಕಟ್ಟೆಯಲ್ಲಿ ಗಾಡಿ ಓಡಿಸಿದಾಗ ಮಾತ್ರ ಐ3 ಒಂದೊಂದು ಸಲ ತಡವರಿಸಿತು.

ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2 ಥರದ ಗುಂಡು ಹೊಡೆಯುವ ಆಟ ಹಾಕಿದಾಗ ಆಟವೇ ತಿರುಗಿತು. ಸೆಟ್ಟಿಂಗ್ ಎಲ್ಲ ಲೋ ಮಾಡಿ ಆಡುವ ಈ ಆಟಗಳಲ್ಲಿ ಎರಡು ಕಾರ್ಡಿನ ಅಂತರ ನಮ್ಮ 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರಿನಲ್ಲಿ ಕಣ್ಣಿಗೆ ಬೀಳಲೇ ಇಲ್ಲ. ಪ್ರೊಸೆಸರಿನ ಅಂತರ ಬಿತ್ತು. ಸ್ಮೋಕ್ ಎಸೆದು ಐದಾರು ಜನ ಒಟ್ಟಿಗೆ ನುಗ್ಗುವ ಹೊತ್ತಿಗೆ, ಹಿಂದೆ ಡಿಸ್ಕಾರ್ಡ್ ಮತ್ತು ಕ್ರೋಮ್ ತೆರೆದಿದ್ದರೆ, ಐ3 ಎಡವುತ್ತಿತ್ತು. ಸರಾಸರಿ ಚೆನ್ನಾಗಿಯೇ ಇರುತ್ತದೆ, ಆದರೆ ಗುಂಡು ಹೊಡೆಯಬೇಕಾದ ಕ್ಷಣದಲ್ಲೇ ಜಗ್ಗುತ್ತದೆ. 5600 ಹಾಗೆ ಕೈಕೊಡಲಿಲ್ಲ. "ಮಾಮ, ನಂಗೆ ಈ ಬಿಸಿಲು ನೆರಳಿನ ಚಂದ ಎಲ್ಲ ಬೇಡ, ಜಗ್ಗದಿದ್ರೆ ಸಾಕು," ಅಂದ ಹುಡುಗ.

ಹಾಗಾಗಿ ಅವನಿಗೆ 5600 ಜೊತೆ 3050 ಹೋಯಿತು. ಆಡಿದ್ದನ್ನೆಲ್ಲ ರೆಕಾರ್ಡ್ ಮಾಡಿ ಗೆಳೆಯರಿಗೆ ಕಳಿಸುವ ಚಟವೂ ಅವನಿಗಿದೆ. ರಾತ್ರಿ ಒಬ್ಬನೇ ಕೂತು ಕಥೆಯ ಆಟ ಆಡುವ ನನಗೆ ಐ3 ಜೊತೆ 6600. ಎರಡೂ ಬಗೆಯ ಆಟ ಆಡುವವರು, ರೆಕಾರ್ಡಿಂಗ್ ಬೇಡದವರು, 5600 ಮತ್ತು 6600 ಒಟ್ಟಿಗೆ ತೆಗೆದುಕೊಳ್ಳಿ. ಎರಡು ಪ್ರೊಸೆಸರಿನಲ್ಲೂ ಗ್ರಾಫಿಕ್ಸ್ ಒಳಗೇ ಇಲ್ಲ, ಆದ್ದರಿಂದ ಕಾರ್ಡ್ ಆಮೇಲೆ ಕೊಳ್ಳೋಣ ಅನ್ನುವ ಲೆಕ್ಕ ನಡೆಯುವುದಿಲ್ಲ.

ಮದರ್‌ಬೋರ್ಡಿನಲ್ಲಿ ಐ3ಗೆ ಎಚ್610, 5600ಕ್ಕೆ ಬಿ450 ಅಥವಾ ಬಿ550 ಸಾಕು. ಬಿ450 ಹಳೇ ದಾಸ್ತಾನಾದರೆ 5600ಕ್ಕೆ ಬೇಕಾದ ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಹಾಕಿಸಿಯೇ ಅಂಗಡಿಯಿಂದ ಹೊರಡಿ. ರ‍್ಯಾಮ್ ಬೆಲೆ 2025ರ ಕೊನೆಯಿಂದ ಏರಿ ಕೂತಿದೆ. ಆದರೂ 16 ಜಿಬಿಯ ಒಂದೇ ಕಡ್ಡಿ ಬೇಡ, 8ರ ಎರಡು ಇರಲಿ. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಪೂರ್ತಿ ವೇಗಕ್ಕೇರಿಸುವ ಸೆಟ್ಟಿಂಗ್) ಆನ್ ಮಾಡದಿದ್ದರೆ 3200ರ ರ‍್ಯಾಮ್ ಎಷ್ಟೋ ಸಲ 2133ರಲ್ಲೋ 2400ರಲ್ಲೋ ತೆವಳುತ್ತಿರುತ್ತದೆ.

ಕ್ಯಾಬಿನೆಟ್ ಜೊತೆ ಬಿಟ್ಟಿ ಬರುವ ಪವರ್ ಸಪ್ಲೈ ಮುಟ್ಟಬೇಡಿ. 80 ಪ್ಲಸ್ ಮುದ್ರೆ ಹೇಳುವುದು ಕರೆಂಟ್ ಎಷ್ಟು ಪೋಲಾಗುವುದಿಲ್ಲ ಅನ್ನುವುದನ್ನು, ಒಳಗಿನ ಮಾಲು ಗಟ್ಟಿಯೇ ಅನ್ನುವುದನ್ನಲ್ಲ. ವಾರಂಟಿ ಎಷ್ಟು ವರ್ಷ ಅಂತ ನೋಡಿ, 550 ವಾಟ್ ಧಾರಾಳ. ಕರೆಂಟ್ ಹೋಗಿ ಬರುವ ಊರಾದರೆ ಯುಪಿಎಸ್ ಖರ್ಚನ್ನೂ ಮೊದಲೇ ಸೇರಿಸಿಕೊಳ್ಳಿ. 600 ವಿಎ ಅಂತ ಮಾರುವುದು ಸಾಮಾನ್ಯವಾಗಿ 360 ವಾಟಿನದು. ಈ ಪಿಸಿಗಳಿಗೆ ಆಟ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತಿಗೆ ಅಷ್ಟು ಸಾಕು.