ಯೆಮ್ಟ್‌ಲಾಂಡ್‌ನ ಬೆಟ್ಟದ ಗಾಳಿಗೆ ಆರದ ಒಲೆ

ಸ್ವೀಡನ್ನಿನ ಯೆಮ್ಟ್‌ಲಾಂಡ್ ಪ್ರಾಂತ್ಯದ ಊಸ್ಟರ್‌ಸುಂಡ್‌ಗೆ ಬಂದ ಮೇಲೆ ನಾನು ಕೊಂಡ ವಸ್ತುಗಳಲ್ಲಿ ತುಂಬಾ ಮೆಚ್ಚಿದ್ದು ಇಲ್ಲಿನ ಸೇನೆಯ ಹಳೆಯ ಎಂ 40 ಅಡುಗೆ ಸೆಟ್. ಪಾತ್ರೆ, ಬಾಣಲೆಯಾಗಿಯೂ ಬಳಸಬಹುದಾದ ಮುಚ್ಚಳ, ಗಾಳಿತಡೆ, ಹಿತ್ತಾಳೆಯ ಸ್ಪಿರಿಟ್ ಒಲೆ, ಎಲ್ಲವೂ ಒಂದರೊಳಗೊಂದು ಕೂರುತ್ತವೆ. ನನ್ನದು ಸ್ಟೀಲಿನದು. ಅಲ್ಯೂಮಿನಿಯಂಗಿಂತ ಭಾರ, ಆದರೆ ಒಗ್ಗರಣೆ ಸೀದರೂ ಉಜ್ಜಿ ತೊಳೆಯಬಹುದು.

ಸ್ಟೋರುಲ್ವೋನ್ ಬಳಿಯ ಬೋಳು ಬೆಟ್ಟದಲ್ಲಿ ಇದರಲ್ಲಿ ಉಪ್ಪಿಟ್ಟು ಮಾಡಿದೆ. ಟೋಪಿ ಹಾರಿಸುವಂಥ ಗಾಳಿಯಲ್ಲೂ ಉರಿ ಆರಲಿಲ್ಲ. ಆಗ ನನಗೆ ನೆನಪಾದದ್ದು ಯೆಮ್ಟ್‌ಲಾಂಡ್ ರೆಜಿಮೆಂಟಿನ ಸೈನಿಕರು.

1645ರವರೆಗೆ ಈ ಪ್ರಾಂತ್ಯ ನಾರ್ವೆಗೆ ಸೇರಿತ್ತು. ಯುದ್ಧ ಮುಗಿಸಿದ ಬ್ರೋಮ್‌ಸೆಬ್ರೂ ಒಪ್ಪಂದದಿಂದ ಸ್ವೀಡನ್ನಿನ ಕೈ ಸೇರಿತು. ಮುಂದೆ ನಾರ್ವೆಯ ಮೇಲೆಯೇ ದಂಡೆತ್ತಿ ಹೋಗುವ ಪಾಳಿ ಈ ನೆಲದವರಿಗೂ ಬಂತು. 1718ರಲ್ಲಿ ಸ್ವೀಡನ್ನಿನ ಸೇನಾಪತಿ ಆರ್ಮ್‌ಫೆಲ್ಟ್‌ನ ದಂಡು ನಾರ್ವೆಯ ಟ್ರೋಂಡ್‌ಹೈಮ್ ನಗರದ ಕಡೆ ನುಗ್ಗಿತು. ಅತ್ತ ಸ್ವೀಡನ್ನಿನ ದೊರೆ ಹನ್ನೆರಡನೆಯ ಚಾರ್ಲ್ಸ್ ಗುಂಡೇಟಿಗೆ ಸತ್ತ ಸುದ್ದಿ ಬಂದೊಡನೆ ಹಿಮ್ಮೆಟ್ಟಿತು. 1719ರ ಹೊಸ ವರ್ಷದ ಹೊತ್ತಿಗೆ ನಾರ್ವೆಯ ಟೈಡಾಲ್‌ನಿಂದ ಬೆಟ್ಟ ದಾಟಿ ಯೆಮ್ಟ್‌ಲಾಂಡ್‌ನ ಹಾಂಡೋಲ್‌ಗೆ ಬರುವಾಗ ಹಿಮಬಿರುಗಾಳಿ ಎದ್ದಿತು. ಬೆಂಕಿಗೆ ಸೌದೆಯಿಲ್ಲದೆ ಸೈನಿಕರು ಬಂದೂಕಿನ ಮರದ ಹಿಡಿಗಳನ್ನೂ ಜಾರುಬಂಡಿಗಳನ್ನೂ ಸುಟ್ಟರು. ಸುಮಾರು 3000 ಜನ ಸತ್ತರು. ಅವರಲ್ಲಿ ಅನೇಕರು ಆಗ ಸ್ವೀಡನ್ನಿಗೆ ಸೇರಿದ್ದ ಫಿನ್‌ಲ್ಯಾಂಡಿನ ರೈತಮಕ್ಕಳು. ಯೆಮ್ಟ್‌ಲಾಂಡ್‌ನವರಾದರೋ ತಮ್ಮ ಮನೆಯ ಕಡೆಗೇ ನಡೆಯುತ್ತಿದ್ದರು. ಹಾಂಡೋಲ್ ದಾಟಿಯೇ ನಾನೂ ಆ ಬೆಟ್ಟಕ್ಕೆ ಹೋದದ್ದು. ಅಂಗೈಯಗಲದ ಒಲೆಯ ಮುಂದೆ ಕೂತು ಇದನ್ನೆಲ್ಲ ಯೋಚಿಸುವಾಗ ಗಂಟಲು ಕಟ್ಟಿತು.

ಯೆಮ್ಟ್‌ಲಾಂಡ್ ರೆಜಿಮೆಂಟನ್ನು 2005ರಲ್ಲಿ ಮುಚ್ಚಿ, 2021ರಲ್ಲಿ ಊಸ್ಟರ್‌ಸುಂಡ್‌ನಲ್ಲಿ ಮತ್ತೆ ಕಟ್ಟಿದರು. ಸ್ಪಿರಿಟ್ ಒಲೆಗೆ ಹೆಸರಾದ ಟ್ರಾಂಗಿಯಾ ಕಂಪನಿಯೂ ಇದೇ ಪ್ರಾಂತ್ಯದ ಟ್ರಾಂಗ್ಸ್‌ವೀಕೆನ್ ಊರಿನದು, 1925ರಿಂದ ಇದೆ.

ಕೊಳ್ಳುವವರು ಒಲೆಯ ಮುಚ್ಚಳದ ರಬ್ಬರ್ ಉಂಗುರವನ್ನು ಮೊದಲು ನೋಡಬೇಕು. ಹಳೆಯ ಸಾಮಾನಿನ ಅಂಗಡಿಯವರು ನನಗೆ ಕೊಟ್ಟದ್ದು ಬಿರುಕು ಬಿಟ್ಟಿತ್ತು, ಚೀಲವೆಲ್ಲ ಸ್ಪಿರಿಟ್ ವಾಸನೆ. ಟ್ರಾಂಗಿಯಾದ ಹೊಸ ಒಲೆ ಹಾಕಿದೆ, ಸರಿಯಾಗಿ ಕೂತಿತು. ಸ್ಪಿರಿಟ್‌ಗೆ ಸ್ವಲ್ಪ ನೀರು ಬೆರೆಸಿದರೆ ಪಾತ್ರೆಗೆ ಮಸಿ ಕಡಿಮೆ ಹಿಡಿಯುತ್ತದೆ. ಕಡುಚಳಿಯಲ್ಲಿ ಸ್ಪಿರಿಟ್ ಬೇಗ ಹೊತ್ತಿಕೊಳ್ಳುವುದಿಲ್ಲ, ಆದ್ದರಿಂದ ಒಲೆಯನ್ನು ಮೊದಲು ಕೋಟಿನೊಳಗೆ ಬೆಚ್ಚಗೆ ಇಟ್ಟುಕೊಳ್ಳಿ. ಗ್ಯಾಸ್ ಒಲೆಯಷ್ಟು ಬೇಗ ನೀರು ಕುದಿಯುವುದಿಲ್ಲ. ಆದರೂ ಚಳಿಗಾಲದ ಬೆಟ್ಟಕ್ಕೆ ಹೋಗುವವರಿಗೆ ನಾನು ಇದನ್ನೇ ಹೇಳುತ್ತೇನೆ.