ರಾಯಚೂರು ಬಿಸಿಲು ಕಂಡವರೂ ಜೂನ್‌ನಲ್ಲಿ ಆರ್‌ವಿ ಹತ್ತುವ ಮೊದಲು ಓದಿ

ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ, ಮಕ್ಕಳಿಗೆ ರಜೆ, ಒಂದು ಆರ್‌ವಿ (ಒಳಗೇ ಉಳಿಯುವ ಮನೆಯಂಥ ಗಾಡಿ) ಬಾಡಿಗೆಗೆ ಹಿಡಿದು ಕ್ಯಾಲಿಫೋರ್ನಿಯಾದಿಂದ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋಗಿಬರೋಣ ಅಂತ ಹೊರಟಿದ್ದರೆ, ಅಡ್ವಾನ್ಸ್ ಕಟ್ಟುವ ಮೊದಲು ಇದನ್ನೊಮ್ಮೆ ಓದಿಬಿಡಿ. ಕಳೆದ ಜೂನ್ ಕೊನೆಗೆ ನಾವು ಪಟ್ಟ ಫಜೀತಿ ಇದು.

ಗಾಡಿ 25 ಅಡಿಯದು. ಒಳಗೆ ಹಾಸಿಗೆ, ಅಡುಗೆಮನೆ, ಬಚ್ಚಲು, ಎಲ್ಲ ಇತ್ತು. ಕಂಪನಿಯವರು ಇಪ್ಪತ್ತು ನಿಮಿಷದಲ್ಲಿ ಎಲ್ಲ ತೋರಿಸಿ ಕೀ ಕೊಟ್ಟರು. "ಬಿಸಿಲು ಜಾಸ್ತಿ ಇರುತ್ತೆ ಅವ್ವಾ" ಅಂದರೆ ಅವ್ವ ನಕ್ಕಳು. "ರಾಯಚೂರಾಗ ಹುಟ್ಟಿದವರಿಗೆ ಬಿಸಿಲಿನ ಅಂಜಿಕಿ ಹಾಕ್ತೀಯೇನೋ ತಮ್ಮಾ?"

ಮೊಹಾವಿ ಮರುಭೂಮಿ ದಾಟಿ ನೀಡಲ್ಸ್ ಊರು ಸೇರಿದಾಗ ಸಂಜೆ ನಾಲ್ಕು. ಹೊರಗೆ 46 ಡಿಗ್ರಿ. ದಾರಿಯುದ್ದಕ್ಕೂ ಡ್ರೈವರ್ ಮುಂದಿನ ಎಸಿ ಮಾತ್ರ ಓಡುತ್ತಿತ್ತು; ಅದರ ತಂಪು ಹಿಂದಿನ ಮನೆಗೆ ಮುಟ್ಟುವುದೇ ಇಲ್ಲ. ಆರ್‌ವಿ ಪಾರ್ಕಿನಲ್ಲಿ ನಿಲ್ಲಿಸಿ ಕರೆಂಟಿನ ಕೇಬಲ್ ಸಿಕ್ಕಿಸಿ ಮಾಡಿನ ಎಸಿ ಹಾಕುವ ಹೊತ್ತಿಗೆ ಒಳಗೆ 43.

ಇಲ್ಲೇ ನಾನು ಮೊದಲು ಎಡವಿದ್ದು. ಮಾಡಿನ ಎಸಿ 13,500 ಬಿಟಿಯು, ಅಂದರೆ ಒಂದು ಟನ್‌ಗಿಂತ ತುಸು ಹೆಚ್ಚು. ಅದು ಒಳಗೆಳೆದ ಗಾಳಿಯನ್ನು ಸುಮಾರು 10-11 ಡಿಗ್ರಿ ತಣ್ಣಗೆ ಮಾಡಿ ಬಿಡುತ್ತದೆ, ಅಷ್ಟೇ. 43ರ ಗಾಳಿ ಕೊಟ್ಟರೆ 32 ವಾಪಸ್ ಕೊಡುತ್ತದೆ. ತೆಳು ಗೋಡೆ, ಕಾದ ಮಾಡು, ಪಶ್ಚಿಮಕ್ಕೆ ಮುಖ ಮಾಡಿದ ದೊಡ್ಡ ಗಾಜು ಇಟ್ಟುಕೊಂಡು ಅದು ಎಷ್ಟೂಂತ ಹೆಣಗೀತು? ಬೆಳಿಗ್ಗೆಯೇ ಹಾಕಿ, ಗಾಜಿಗೆ ಬಿಸಿಲು ತಡೆಯುವ ಬೆಳ್ಳಿಬಣ್ಣದ ಹಾಳೆ ಮುಚ್ಚಿ, ತಂಪನ್ನು ಕಾಯ್ದುಕೊಳ್ಳಬೇಕಿತ್ತು. ಸಾಲದ್ದಕ್ಕೆ ಗಾಳಿ ಕಡಿಮೆ ಬರ್ತಿದೆಯಲ್ಲ ಅಂತ ಛಾವಣಿಯ ಫಿಲ್ಟರ್ ಬಿಚ್ಚಿದೆ. ಹಿಂದಿನವರ ನಾಯಿಯ ಕೂದಲು ಕಂಬಳಿ ಹಾಗೆ ಮೆತ್ತಿಕೊಂಡಿತ್ತು; ಬೆರಳಲ್ಲಿ ಎಳೆದರೆ ಇಡಿಯಾಗಿ ಸುಲಿದು ಬಂತು.

ತೊಳೆದು ಹಾಕಿದೆ, ಸ್ವಲ್ಪ ಉಸಿರು ಬಂತು. ಅಷ್ಟರಲ್ಲಿ ಹೆಂಡತಿ ಅನ್ನ ಬಿಸಿ ಮಾಡಲು ಮೈಕ್ರೋವೇವ್ ಒತ್ತಿದಳು. ಟಪ್! 30 ಆಂಪ್ ಲೈನು 120 ವೋಲ್ಟ್‌ಗೆ 3,600 ವಾಟ್ ಮಾತ್ರ ತಾಳುತ್ತದೆ. ಎಸಿ, ಮೈಕ್ರೋವೇವ್, ನೀರು ಕಾಯಿಸುವ ಹೀಟರ್ ಮೂರೂ ಸೇರಿದರೆ ಮುಗಿಯಿತು. ಬ್ರೇಕರ್ ಎತ್ತಿದೆ. ಆದರೆ ಈ ಸಲ ಎಸಿ ಗುಂಯ್ ಅಂತ ನರಳಿತೇ ಹೊರತು ಕಂಪ್ರೆಸರ್ ಹಿಡಿಯಲಿಲ್ಲ. ಸಂಜೆ ಪಾರ್ಕಿನಲ್ಲಿ ಎಲ್ಲರ ಎಸಿಯೂ ಓಡುತ್ತಿದ್ದವು, ವೋಲ್ಟೇಜ್ ಬಿದ್ದಿತ್ತು. ಪಕ್ಕದ ಗಾಡಿಯ ಅಜ್ಜ ತನ್ನ ಮೀಟರ್ ತಂದು ಸಿಕ್ಕಿಸಿ ತೋರಿಸಿದ: 101. ನಮ್ಮೂರಲ್ಲಿ ಪಂಪ್‌ಸೆಟ್ ಮೋಟರ್ ಸುಟ್ಟುಹೋಗುವುದೂ ಹೀಗೇ ಅಲ್ಲವೇ. ತಕ್ಷಣ ಎಸಿ ಆರಿಸಿದೆ.

ಫ್ರಿಜ್ ತೆಗೆದು ಮೊಸರಿನ ಡಬ್ಬಿ ಮುಟ್ಟಿದರೆ ಬೆಚ್ಚಗಿದೆ. ಅದರ ಪಕ್ಕದಲ್ಲೇ ಅವ್ವನ ಇನ್ಸುಲಿನ್. ಈ ಗಾಡಿಗಳ ಫ್ರಿಜ್ ತನ್ನ ಬಿಸಿಯನ್ನು ಹೊರಗೋಡೆಯ ಜಾಲರಿಯಿಂದ ಬಿಡುತ್ತದೆ. ನಾನು ಆ ಜಾಲರಿಯನ್ನೇ ಇಳಿಬಿಸಿಲಿಗೆ ಒಡ್ಡಿ ನಿಲ್ಲಿಸಿದ್ದೆ! ಇನ್ಸುಲಿನ್ ಎಸೆಯಬೇಕಾಯಿತು. ಅವ್ವನಿಗೆ ಆಗಲೇ ತಲೆ ಸುತ್ತುತ್ತಿತ್ತು. ಮಾತು ನಿಂತಿತ್ತು, ಅದು ನನಗೆ ಹೆಚ್ಚು ಹೆದರಿಕೆ. ಒದ್ದೆ ಟವೆಲ್ ಹೊದಿಸಿ, ಮುಂದಿನ ಸೀಟಿನಲ್ಲಿ ಕೂರಿಸಿ, ಹಿಂದಿನ ಪರದೆ ಎಳೆದು ಡ್ರೈವರ್ ಎಸಿ ಪೂರ್ತಿ ಬಿಟ್ಟು ಊರೊಳಗಿನ ಸೂಪರ್‌ಮಾರ್ಕೆಟ್‌ಗೆ ಓಡಿಸಿದೆ. ಎರಡು ತಾಸು ಅಲ್ಲೇ ಕೂತೆವು.

ಇನ್ನು ಮುಖ್ಯ ವಿಷಯ. ಎಸಿ ಕೆಟ್ಟರೆ ಬೆವರು, ಇದಾದರೆ ಪ್ರಾಣ.

ರಾತ್ರಿ ಕಿಂಗ್‌ಮನ್ ಕಡೆ ಹೋಗಿ ಲಾರಿಗಳು ನಿಲ್ಲುವ ಜಾಗದಲ್ಲಿ ನಿಲ್ಲಿಸಿದೆವು. ಗಾಡಿಯ ಜನರೇಟರ್ ಹಾಕಿ ಎಸಿ ಓಡಿಸಿದೆ. ಗಾಳಿಯಾಡಲಿ ಅಂತ ಹಾಸಿಗೆ ಪಕ್ಕದ ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಟ್ಟು, ಮಾಡಿನ ಫ್ಯಾನನ್ನು ಹೊರಕ್ಕೆ ಎಳೆಯುವಂತೆ ಬಿಟ್ಟು ಮಲಗಿದೆ. ಕೆಳಗೆ ಕಿಟಕಿ ತೆರೆದು ಮೇಲಿಂದ ಬಿಸಿ ಹೊರಗೆ ದೂಡುವುದು ಸರಿಯಾದ ಪದ್ಧತಿಯೇ. ಆದರೆ ಜನರೇಟರ್ ಹೊಗೆ ಕೊಳವೆ ಇದ್ದದ್ದು ಅದೇ ಕಿಟಕಿಯ ಕೆಳಗೆ. ಫ್ಯಾನು ಹೊರಗೆ ಎಳೆದಷ್ಟೂ ಕಿಟಕಿ ಹೊಗೆ ಕುಡಿಯುತ್ತಿತ್ತು. ಎರಡೂವರೆಗೆ ನಾಲ್ಕು ನಾಲ್ಕು ಸಲ ಕಿರುಚುವ ಅಲಾರಂ. ಕಾರ್ಬನ್ ಮಾನಾಕ್ಸೈಡ್, ಹೊಗೆಯಲ್ಲಿರುವ ವಿಷಗಾಳಿ. ಬಣ್ಣವಿಲ್ಲ, ವಾಸನೆಯಿಲ್ಲ. ಮಕ್ಕಳನ್ನು ಎತ್ತಿಕೊಂಡು ಬರಿಗಾಲಲ್ಲಿ ಹೊರಗೆ ಬಂದೆವು. ದೊಡ್ಡವನಿಗೆ ಬೆಳಿಗ್ಗೆವರೆಗೂ ತಲೆನೋವು.

ಜನರೇಟರ್ ಹಾಕಿದರೆ ಕಿಟಕಿಗಳೆಲ್ಲ ಮುಚ್ಚಿರಲಿ, ಫ್ಯಾನ್ ಬೇಡ. ಜನರೇಟರ್ ಹಾಕಿಕೊಂಡು ಮಲಗಲೇಬೇಡಿ. ಗಾಡಿ ಪಡೆಯುವಾಗಲೇ ಅಲಾರಂ ಬಟನ್ ಒತ್ತಿ ಕೂಗುತ್ತದಾ ನೋಡಿ, ಹೊಗೆ ಕೊಳವೆ ಎಲ್ಲಿದೆ ಅಂತ ಬಗ್ಗಿ ನೋಡಿ. ವೋಲ್ಟೇಜ್ ಮೀಟರ್ ಒಂದು ಕೊಳ್ಳಿ. ಹಗಲು ಹೊತ್ತು ಮರುಭೂಮಿಯಲ್ಲಿ ನಿಲ್ಲದೆ ಫ್ಲಾಗ್‌ಸ್ಟಾಫ್ ಕಡೆ ಹತ್ತಿಬಿಡಿ. ಅದು ಸುಮಾರು 2,100 ಮೀಟರ್ ಎತ್ತರ, ರಾತ್ರಿ ಶಾಲು ಬೇಕು.

ಗ್ರ್ಯಾಂಡ್ ಕ್ಯಾನ್ಯನ್‌ನ ಮೇದರ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಗಾಡಿಗೆ ಕರೆಂಟೇ ಇಲ್ಲ. ಅಲ್ಲಿ ಮಧ್ಯಾಹ್ನ ಅವ್ವ ಹತ್ತಿಯ ಪಂಚೆ ನೆನೆಸಿ ನೆರಳು ಕಡೆಯ ಕಿಟಕಿಗೆ ಕಟ್ಟಿದಳು. ಬೇರೆಲ್ಲ ಕಿಟಕಿ ಮುಚ್ಚಿ ಫ್ಯಾನ್ ಹೊರಕ್ಕೆ ಬಿಟ್ಟೆ. ಒಣ ಹವೆಯಾದ್ದರಿಂದ ಲಾವಂಚದ ತಟ್ಟಿಯಂತೆ ತಣ್ಣನೆ ಗಾಳಿ ನುಗ್ಗಿತು. ಅರ್ಧ ತಾಸಿಗೊಮ್ಮೆ ಪಂಚೆಗೆ ನೀರು ಚಿಮುಕಿಸುವ ಕೆಲಸ ಮಾತ್ರ ನನ್ನ ತಲೆಗೆ ಬಂತು.