ರಿಂಗ್ ಸ್ಲಿಂಗ್, ರ‍್ಯಾಪ್, ಹಳೇ ಸೀರೆ: ಮಗುವನ್ನು ಹೊರಲು ಯಾವುದು?

ಮಗುವನ್ನು ಮೈಗೆ ಕಟ್ಟಿಕೊಂಡು ಹೊರಲು ಒಂದೇ ಬಟ್ಟೆ ಕೊಳ್ಳುವುದಾದರೆ ರಿಂಗ್ ಸ್ಲಿಂಗ್ ಕೊಳ್ಳಿ. ಆದರೆ ಮೊದಲ ತಿಂಗಳುಗಳಲ್ಲಿ ನನ್ನ ಕೈ ಹಿಡಿದದ್ದು ಸ್ಟ್ರೆಚಿ ರ‍್ಯಾಪ್.

ಅದು ಟೀ ಶರ್ಟಿನಂಥ ಬಟ್ಟೆ, ಸುಮಾರು 5 ಮೀಟರ್ ಉದ್ದ. ಮೊದಲು ಮೈಗೆ ಬಿಗಿಯಾಗಿ ಸುತ್ತಿ ಗಂಟು ಹಾಕಿ, ಆಮೇಲೆ ಮಗುವನ್ನು ಒಳಗೆ ಇಳಿಸಬೇಕು. ಮತ್ತೆ ಮತ್ತೆ ಬಿಚ್ಚಿ ಕಟ್ಟುವ ಗೋಜಿಲ್ಲ. ಎರಡೂ ಹೆಗಲಿಗೆ ಭಾರ ಹಂಚಿಹೋಗುತ್ತದೆ. ಸಂಜೆ ರಚ್ಚೆ ಹಿಡಿಯುತ್ತಿದ್ದ ಕೂಸು ಇದರೊಳಗೆ ಸುಮ್ನೆ ನಿದ್ದೆ ಹೋಗುತ್ತಿತ್ತು. ಆದರೆ ಮೂರು ಪದರದ ಬಟ್ಟೆ ಅಲ್ವಾ, ಏಪ್ರಿಲ್‌ನಲ್ಲಿ ರಾಯಚೂರಿನ ತವರಿಗೆ ಹೋದಾಗ ಇಬ್ಬರೂ ಬೆವರಿ ತೊಪ್ಪೆ. ಮಗು ಏಳೆಂಟು ಕಿಲೋ ಆಗುತ್ತಲೇ ಬಟ್ಟೆ ಜಗ್ಗತೊಡಗುತ್ತದೆ. ಬೆನ್ನಿಗೆ ಕಟ್ಟಲಂತೂ ಇದನ್ನು ಬಳಸಲೇಬಾರದು.

ರಿಂಗ್ ಸ್ಲಿಂಗ್ ಒಂದೇ ಪದರ, ಎರಡು ಮೀಟರ್ ಆಸುಪಾಸು. ಒಂದು ಹೆಗಲ ಮೇಲೆ ಹಾದು ಎದೆಯ ಹತ್ತಿರ ಎರಡು ರಿಂಗುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಉಳಿದ ತುದಿ ಸೆರಗಿನ ಹಾಗೆ ಇಳಿಬೀಳುತ್ತದೆ. ಗುಟ್ಟೆಲ್ಲ ಎಳೆಯುವುದರಲ್ಲಿದೆ. ಸೆರಗನ್ನು ಮುದ್ದೆ ಮಾಡಿ ಒಟ್ಟಿಗೆ ಎಳೆದರೆ ಮಗುವಿನ ಕತ್ತಿನ ಹತ್ತಿರ ಸಡಿಲವೇ ಉಳಿಯುತ್ತದೆ. ಮೇಲಿನ ಅಂಚು ಬೇರೆ, ಕೆಳಗಿನ ಅಂಚು ಬೇರೆ, ನಡುವಿನದು ಬೇರೆ, ಹೀಗೆ ಸ್ವಲ್ಪ ಸ್ವಲ್ಪ ಎಳೆಯಿರಿ. ಇನ್ನೊಂದು ಕೈಯಲ್ಲಿ ಮಗುವಿನ ಭಾರ ಎತ್ತಿ ಹಿಡಿದರೆ ಬಟ್ಟೆ ಸಲೀಸಾಗಿ ಬರುತ್ತದೆ. ಕೈಮಗ್ಗದ ಹತ್ತಿ ಬಟ್ಟೆ ರಿಂಗಿನಲ್ಲಿ ಕಚ್ಚಿ ನಿಲ್ಲುತ್ತದೆ, ನುಣುಪಾದ ಪಾಲಿಯೆಸ್ಟರ್ ಜಾರುತ್ತದೆ. ರಿಂಗುಗಳ ಮೇಲೆ ಬೆರಳಾಡಿಸಿ ನೋಡಿ, ಬೆಸುಗೆಯ ಗುರುತು ಸಿಗಬಾರದು. ಪರದೆಯ ರಿಂಗು ಹಾಕಿ ಹೊಲಿದುಕೊಡುತ್ತೇನೆ ಅಂದರೆ ಖಂಡಿತ ಬೇಡ ಅನ್ನಿ.

ಕುತ್ತಿಗೆ ನಿಂತ ಮೇಲೆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಸ್ಸು, ಸಂತೆ ಎಲ್ಲ ಇದರಲ್ಲೇ. ಹಾಲು ಕುಡಿಸಲು ಸ್ವಲ್ಪ ಸಡಿಲಿಸಿದರಾಯಿತು, ಕುಡಿದ ಮೇಲೆ ಮರೆಯದೆ ಮೊದಲಿನಷ್ಟು ಎತ್ತರಕ್ಕೆ ಎಳೆದುಕೊಳ್ಳಬೇಕು. ಭಾರವೆಲ್ಲ ಒಂದೇ ಹೆಗಲಿಗೆ, ಅದೊಂದೇ ಕಷ್ಟ. ಹೊತ್ತು ಜಾಸ್ತಿಯಾದರೆ ಪಕ್ಕ ಬದಲಿಸಿ.

ಹಿಗ್ಗದ, ಉದ್ದದ ನೇಯ್ದ ರ‍್ಯಾಪನ್ನು ಗೆಳತಿಯಿಂದ ತಂದು ಕಟ್ಟಿದೆ. 4.6 ಮೀಟರ್ ಇತ್ತು. ದಪ್ಪ ಮಗುವಿಗೂ ಭಾರವೇ ಗೊತ್ತಾಗದಷ್ಟು ಹಾಯಾಗಿರುತ್ತದೆ, ಬೆನ್ನಿಗೂ ಕಟ್ಟಬಹುದು. ಆದರೆ ಬಸ್ ಸ್ಟ್ಯಾಂಡಿನಲ್ಲಿ ಅದರ ತುದಿಗಳು ನೆಲಕ್ಕೆ ಬಿದ್ದು ಗಲೀಜಾಗುವುದನ್ನು ನೋಡಿ ವಾಪಸ್ ಕೊಟ್ಟೆ.

‘ನಾವು ಸೀರಿ ಒಳಗ ಕಟ್ಕೊಂಡು ಹೊಲಕ್ಕ ಹೋಗ್ತಿದ್ವಿ, ಇದಕ್ಕ ಯಾಕ ರೊಕ್ಕ ಹಾಕ್ತಿ?’ ಅಂದರು ಅವ್ವ. ಮಾತು ನಿಜವೇ. ಸೀರೆಯ ಉದ್ದ ಐದೂವರೆ ಮೀಟರ್, ಅಗಲಕ್ಕೆ ಮಡಚಿದರೆ ಹೆಚ್ಚುಕಡಿಮೆ ರ‍್ಯಾಪಿನ ಅಳತೆಯೇ. ಅವ್ವನ ಹತ್ತಿ ಸೀರೆಯಲ್ಲಿ ಮನೆಯೊಳಗೆ ಹೊತ್ತೂ ನೋಡಿದೆ. ಕೂರಲು ಕಲಿತ ಮಗುವಿಗೆ ಸ್ವಲ್ಪ ಹೊತ್ತಿಗೆ ಚೆನ್ನಾಗಿದೆ, ಆದರೆ ತೆಳು ಬಟ್ಟೆ ಹೆಗಲನ್ನು ಕೊರೆಯುತ್ತದೆ. ಮೊದಲು ಸೀರೆಯನ್ನು ಬೆಳಕಿಗೆ ಹಿಡಿದು, ಎರಡೂ ಕೈಯಲ್ಲಿ ಜಗ್ಗಿ ನೋಡಿ. ಎಳೆ ಸವೆದಿದ್ದರೆ ಬೇಡ. ನೈಲಾನ್ ಸೀರೆಯಲ್ಲಿ ಗಂಟು ನಿಲ್ಲುವುದಿಲ್ಲ.

ಯಾವುದನ್ನೇ ಕಟ್ಟಿ, ಮಗುವನ್ನು ಜೋಲಿಯಲ್ಲಿ ಮಲಗಿಸಿದಂತೆ ಬಾಗಿಸಿ ಹೊರಬೇಡಿ. ಗದ್ದ ಎದೆಗೆ ಬಿದ್ದರೆ ಎಳೆಗೂಸಿಗೆ ಉಸಿರು ಕಟ್ಟುತ್ತದೆ. ನಾಲ್ಕು ತಿಂಗಳೊಳಗಿನ ಮಕ್ಕಳಿಗೆ ಸ್ಲಿಂಗ್ ಬಳಸುವಾಗ ಎಚ್ಚರವಿರಲಿ ಎಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2010ರಲ್ಲೇ ಹೇಳಿತ್ತು. ಮಗು ನೆಟ್ಟಗೆ ಇರಬೇಕು, ಮುಖ ಸದಾ ಕಾಣಬೇಕು, ನೀವು ತಲೆ ಬಗ್ಗಿಸಿದರೆ ಅದರ ನೆತ್ತಿಗೆ ಮುತ್ತು ಸಿಗಬೇಕು. ಕಾಲು ನೇರ ಜೋತಾಡದೆ, ಮಂಡಿ ಕುಂಡಿಗಿಂತ ಮೇಲಿರಲಿ, ಸೊಂಟದ ಕೀಲಿಗೆ ಅದು ಒಳ್ಳೆಯದು. ತಿಂಗಳು ತುಂಬುವ ಮೊದಲೇ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ಮಗುವಾದರೆ ಮಕ್ಕಳ ಡಾಕ್ಟರನ್ನು ಕೇಳಿಯೇ ಕಟ್ಟಿ. ಮೊದಲ ಸಲ ಮಂಚದ ಪಕ್ಕ ನಿಂತು, ಯಾರನ್ನಾದರೂ ಹತ್ತಿರ ಇಟ್ಟುಕೊಂಡು ಕಟ್ಟಿ ನೋಡಿ.